ಓಟಿಲ್ಲದವರ ಬಯಲು

ಭತ್ತ ಒಣಗಿದೆಯೇ ಎಂದು ನೋಡಲು ಕ್ಯಾಂಪಿನ ಹೆಂಗಸರು ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿಯುತ್ತಾರೆ. ಟಕ್ಕೆಂದು ಮುರಿದರೆ ಚೀಲಕ್ಕೆ ತುಂಬುವುದು, ಮೆತ್ತಗಿದ್ದರೆ ಇನ್ನೊಂದು ಬಿಸಿಲು. ಅವರು ಭತ್ತ ಹರವುವ ಬಯಲು ನಮ್ಮೂರಿಗೂ ಕ್ಯಾಂಪಿಗೂ ನಡುವೆ ಇದೆ. ಬಂಗಾಳದಿಂದ ಓಡಿಬಂದ ಅವರ ಹಿರಿಯರನ್ನು ಸರ್ಕಾರ ಸಿಂಧನೂರಿನ ಈ ಕಾಲುವೆ ಸೀಮೆಯಲ್ಲಿ ನೆಲೆಗೊಳಿಸಿತ್ತು. ಹಲವು ಮನೆಗಳಿಗೆ ಪೌರತ್ವ ಇನ್ನೂ ಬಂದಿಲ್ಲ, ಓಟೂ ಇಲ್ಲ.

ಹೋದ ಸುಗ್ಗಿಯಲ್ಲಿ ಆ ಬಯಲನ್ನು ಊರಿನವರ ಸೈಟುಗಳಿಗೆ ತೆಗೆದುಕೊಳ್ಳುವ ಮಾತು ಗ್ರಾಮಸಭೆಗೆ ಬಂತು. ಅಧ್ಯಕ್ಷೆ ನನ್ನ ಚಿಗವ್ವ. ಕಲಬುರಗಿಯಲ್ಲಿ ಓದುತ್ತಿದ್ದು ರಜೆಗೆ ಬಂದಿದ್ದ ನಾನು ಹೆಂಗಸರ ಸಾಲಿನ ಕೊನೆಯಲ್ಲಿ ಕುಳಿತಿದ್ದೆ.

“ಊರು ಬೆಳೆಯಾಕತ್ತೈತಿ ಅಕ್ಕಾರ. ಕೈ ಎತ್ತಿಸ್ರಿ, ಮುಗಿಸ್ರಿ,” ಎಂದರು ಹಿರಿಯ ಸದಸ್ಯರೊಬ್ಬರು. ಅಷ್ಟರಲ್ಲೇ ಕೈಗಳು ಎದ್ದಿದ್ದವು.

ಚಿಗವ್ವ ಎಣಿಸಲಿಲ್ಲ. “ಕ್ಯಾಂಪಿನವರು ಎಲ್ಲಿ ಅದಾರ?”

“ಅವರಿಗೆ ಓಟ ಎಲ್ಲೈತ್ರೀ?”

“ಬ್ರಿಟಿಷ್ ಸಾಹೇಬರು ಲಿಂಗಸುಗೂರಿನ ದಂಡಿನ ಛಾವಣಿಗೆ ನಮ್ಮ ಮುತ್ಯಾರ ಎತ್ತು, ಗಾಡಿ ಹೊಡಕೊಂಡು ಹೋದಾಗ ಮುತ್ಯಾರಿಗೂ ಓಟ ಇದ್ದಿದ್ದಿಲ್ಲ. ಈಗ ಆ ಸಾಹೇಬರ ಕುರ್ಚಿ ಮ್ಯಾಲ ನಾವು ಕುಂದ್ರೂದೇನು?”

ಹಿಂದಿನಿಂದ ಯಾರೋ ಕೂಗಿದರು: “ಅಕ್ಕಾರು ಮುಂದಿನ ಸಲ ಕ್ಯಾಂಪಿನ್ಯಾಗ ನಿಂದ್ರತಾರ!”

“ಓಟ ಇಲ್ಲದ ಕಡೆ ನಿಂತು ಏನ್ ಮಾಡ್ಲೋ ತಮ್ಮಾ? ಸೋಲಾಕ ನಿಮ್ಮ ಓಣಿ ಸಾಕು.”

ಸಭೆಯೆಲ್ಲ ನಕ್ಕಿತು. ಆದರೆ ಕ್ಯಾಂಪಿನವರನ್ನು ಕರೆದು ಕೂಡಿಸಿ ಅವರ ಮಾತು ಕೇಳುವವರೆಗೆ ಕೈ ಎಣಿಸುವುದಿಲ್ಲ ಎಂದು ಆಕೆ ವಿಷಯವನ್ನು ಮುಂದಿನ ಸಭೆಗೆ ಹಾಕಿದಾಗ ನಗು ನಿಂತಿತು.

ಸಂಜೆ ಆಕೆಯ ಮೈದುನನೇ ಸುದ್ದಿ ತಂದ. “ಅವಿಶ್ವಾಸ ತರ್ತಾರಂತ. ಕುರ್ಚಿ ಉಳಿಯೂದಿಲ್ಲ ವೈನಿ.”

“ಚಾ ಕುಡೀತಿಯೋ, ಅದನ್ನೂ ಮುಂದಿನ ಸಭೆಗೆ ಹಾಕ್ಲೋ?”

ತಮ್ಮಲ್ಲಿ ಮತ ಎಣಿಸುತ್ತಲೇ ಬೇರೆಯವರ ನೆಲಕ್ಕೆ ಕೈಚಾಚಿದ ರಾಷ್ಟ್ರಗಳ ಬಗ್ಗೆ ಎಂ.ಎ.ಯಲ್ಲಿ ಓದಿದ್ದೆ. ಅಂಥ ಕೈಗಳನ್ನು ಎದುರಿಗೆ ಕಂಡದ್ದು ಅಂದೇ. ಅವುಗಳಲ್ಲಿ ನಮ್ಮ ಮನೆಯವರವೂ ಇದ್ದವು. ಅವೆಲ್ಲ ತನ್ನನ್ನು ಗೆಲ್ಲಿಸಿದ ಕೈಗಳೆಂದು ತಿಳಿದೂ ಚಿಗವ್ವ ದನಿ ಏರಿಸದೆ ಕುಳಿತಿದ್ದಳು. ನನಗೆ ಅದು ಇವತ್ತಿಗೂ ದೊಡ್ಡದಾಗಿಯೇ ಕಾಣುತ್ತದೆ. ಬಯಲು ಉಳಿಯಬೇಕಾದರೆ ಮುಂದಿನ ಸಭೆಯವರೆಗಾದರೂ ಆಕೆಯ ಕುರ್ಚಿ ಉಳಿಯಬೇಕಿತ್ತು.

ಮರುದಿನ ಬೆಳಿಗ್ಗೆ ನಾನು ಮರಳಬೇಕಿದ್ದ, ಮಸ್ಕಿ ಮೇಲೆ ಹೋಗುವ ಕಲಬುರಗಿ ಬಸ್ಸಿಗೆ ಹೋಗಲಿಲ್ಲ. ಅವಿಶ್ವಾಸಕ್ಕೆ ಕೈ ಎತ್ತಬೇಡಿರೆಂದು ಕೇಳಲು ಚಿಗವ್ವನ ಜೊತೆ ಪಂಚಾಯಿತಿಯ ಮಹಿಳಾ ಸದಸ್ಯರ ಮನೆಗಳಿಗೆ ನಡೆದೆ. ಮೊದಲ ಮನೆಯಲ್ಲಿ ಮಾತು ನಾನೇ ಶುರು ಮಾಡಿದೆ.