ಮೊಹರು ಬೀಳದ ಓದುಗರು

ಇಳಕಲ್ಲಿನ ನಮ್ಮ ಕಾಲೇಜಿನಲ್ಲಿ ನಾನು ನೋಡಿಕೊಳ್ಳುವ ಗ್ರಂಥಾಲಯದಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕವಿತ್ತು. ಇಂಗ್ಲೆಂಡಿಗೆ ಕ್ರೈಸ್ತಮತ ಹೇಗೆ ಬಂತೆಂದು ಸಾವಿರದ ಮುನ್ನೂರು ವರ್ಷಗಳ ಹಿಂದೆ ಅಲ್ಲಿಯ ಸನ್ಯಾಸಿಯೊಬ್ಬ ಬರೆದದ್ದರ ಅನುವಾದ. ಬಾಗಲಕೋಟೆಯ ಪಾದ್ರಿಯೊಬ್ಬರು ಊರು ಬಿಡುವಾಗ ಕೊಟ್ಟುಹೋಗಿದ್ದರು. ಸಂತರ ಪವಾಡ ಬಂದಲ್ಲೆಲ್ಲ ಅವರ ಪೆನ್ಸಿಲ್ ಗೆರೆ. ಆಮೇಲೆ ನಮ್ಮ ಇತಿಹಾಸದ ಅಧ್ಯಾಪಕರು ಪವಾಡ ಹಾರಿಸಿ, ರಾಜರ ಹೆಸರಿನ ಕೆಳಗೆ ಶಾಯಿಯ ಗೆರೆ ಎಳೆದರು. ಅವರ ವಿದ್ಯಾರ್ಥಿಗಳು ಶಾಯಿ ಇದ್ದಷ್ಟನ್ನೇ ಓದಿದರು. ಪಠ್ಯ ಬದಲಾದ ಮೇಲೆ ಅದನ್ನು ಯಾರೂ ಕೇಳಲಿಲ್ಲ.

ಕೊನೆಗೆ ಅದಕ್ಕೆ ಒಬ್ಬ ನಿವೃತ್ತ ಮಾಸ್ತರು ಸಿಕ್ಕರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು, ನೇಕಾರರ ಮನೆಯವರು. ಮಧ್ಯಾಹ್ನದ ನಮಾಜು ಮುಗಿಸಿ ಬಂದು, ಕಿಟಕಿಯ ಪಕ್ಕ ಕೂತು ದಿನಕ್ಕೆರಡೇ ಪುಟ ಓದುವರು. ಏಳುವಾಗ ಮನೆಯ ಮಗ್ಗದ ಕೆಂಪು ರೇಷ್ಮೆ ಎಳೆಯೊಂದನ್ನು ಗುರುತಿಗೆ ಇಡುವರು. ಹಬ್ಬ ಯಾವ ದಿನವೆಂದು ಸನ್ಯಾಸಿಗಳು ಕಿತ್ತಾಡುವ ಭಾಗ ಬಂದಾಗ ಜೋರಾಗಿ ನಕ್ಕಿದ್ದರು.

"ಅಕ್ಕಾರ, ಇವ್ರೂ ನಮ್ಹಂಗ ಚಂದ್ರನ ಲೆಕ್ಕಕ್ಕ ಜಗಳಾಡ್ಯಾರ ನೋಡ್ರಿ! ಸುಮ್ನ ನಾವಷ್ಟ ಹೆಸರ ಕೆಡಿಸ್ಕೊಂಡೇವಿ."

"ಮೆಲ್ಲಗ ನಗ್ರಿ ಸರ, ಹುಡುಗ್ರು ಓದಾಕತ್ತಾರ."

"ಎಲ್ಲಿ ಓದಾಕತ್ತಾರ್ರಿ? ಮೊಬೈಲ್ ನೋಡಾಕತ್ತಾರ."

ಹೊರಗಿನವರಿಗೆ ಪುಸ್ತಕ ಮನೆಗೆ ಕೊಡುವಂತಿಲ್ಲ. ಒಳಗೇ ಕೂತು ಓದಿದ್ದಕ್ಕೆ ನಾವು ಮೊಹರು ಹಾಕುವುದಿಲ್ಲ. ಹೀಗಾಗಿ ವರ್ಷವಿಡೀ ಓದಿದರೂ, ಕೊನೆಯ ಪುಟಕ್ಕೆ ಅಂಟಿಸಿದ ತಾರೀಖಿನ ಚೀಟಿಯಲ್ಲಿ ಅವರ ಗುರುತಿರಲಿಲ್ಲ.

ತಪಾಸಣಾ ಸಮಿತಿ ಬರುವುದಿತ್ತು. ಹತ್ತು ವರ್ಷದಿಂದ ಯಾರೂ ಒಯ್ಯದ ಪುಸ್ತಕಗಳನ್ನು, ಓದುಗರಿಗೆ ಬಾಗಿಲು ಮುಚ್ಚಿ, ಎರಡು ದಿನದಲ್ಲಿ ತೆಗೆದುಹಾಕಿರೆಂದು ಪ್ರಾಚಾರ್ಯರು ಹೇಳಿದರು. ನಾನು ಮುಖಪುಟ ನೋಡಲೇ ಇಲ್ಲ. ಹಿಂದಿನಿಂದ ತೆರೆಯುವುದು, ಚೀಟಿ ನೋಡುವುದು, ಗುಂಪಿಗೆ ಎಸೆಯುವುದು. ಯಾವುದೋ ಒಂದರಿಂದ ಕೆಂಪು ಎಳೆ ಬೆರಳಿಗೆ ಸುತ್ತಿಕೊಂಡಿತು. ಕಸವೆಂದು ಕೊಡವಿ ಮುಂದಿನದಕ್ಕೆ ಕೈಹಾಕಿದೆ.

ರದ್ದಿಯ ಗಾಡಿ ಹೋದ ಮರುದಿನ ಮಾಸ್ತರು ಬಂದು ಖಾಲಿ ಕಪಾಟಿನ ಮುಂದೆ ನಿಂತರು.

"ತಪ್ಪು ನಂದ್ರಿ ಸರ. ಚೀಟಿ ನೋಡಿ ತಗದೆ."

"ಚೀಟ್ಯಾಗ ನಾ ಇಲ್ಲಲ್ರಿ," ಎಂದರು. ದನಿ ಏರಿಸಲಿಲ್ಲ. "ಇನ್ನ ಹನ್ನೊಂದು ಪುಟ ಇದ್ವು, ಅಕ್ಕಾರ."

ಮೊಬೈಲಿನಲ್ಲಿ ಹುಡುಕಿಕೊಡಲೇ ಎಂದೆ. "ಅದು ನನ್ನ ಕಣ್ಣಿಗೆ ಹತ್ತಂಗಿಲ್ರಿ" ಎಂದು ಹೊರಟರು. ಮತ್ತೆ ಬರಲಿಲ್ಲ.

ಕಪಾಟುಗಳು ಅಚ್ಚುಕಟ್ಟಾಗಿವೆ ಎಂದು ಸಮಿತಿಯವರು ಬರೆದುಹೋದರು. ಈಗ ಒಳಗೆ ಕೂತು ಓದುವವರಿಗೂ ಹೆಸರು ಬರೆಯಲು ಒಂದು ವಹಿ ಮಾಡಿದ್ದೇನೆ. ಮಧ್ಯಾಹ್ನ ಅದನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ತೆರೆದಿಡುತ್ತೇನೆ. ಪೆನ್ನು ಬರೆಯುತ್ತದೋ ಇಲ್ಲವೋ ಎಂದು ಹುಡುಗರು ಅದರಲ್ಲಿ ಗೀಚಿ ನೋಡುತ್ತಾರೆ.