ಕ್ಯಾಸೆಟ್ಟಿನೊಳಗಿನ ಹಸು

ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ನನ್ನ ಹಳೆಯ ವಿಡಿಯೋ ಗೇಮ್ ಕ್ಯಾಸೆಟ್ಟುಗಳಿಗೆ ಬೆಲೆ ಕಟ್ಟಲು ಹೊಸನಗರದಿಂದ ಬಂದಿದ್ದವರು ಎರಡು ಸಲ ಸೀನಿದರು. ನನಗೆ ಮಾತ್ರ ಹಿಂದಿ ಟೀಚರ್ ಪಕ್ಕದಲ್ಲೇ ಬಂದು ಕೂತಂತಾಯಿತು. ಡಬ್ಬಿಯಲ್ಲಿದ್ದ ಒಂದು ಕ್ಯಾಸೆಟ್ಟು ಟೀಚರದ್ದು, ಅದನ್ನು ಅವರು ನುಸಿಗುಳಿಗೆ ಹಾಕಿದ ರೇಷ್ಮೆ ಸೀರೆಗಳ ನಡುವೆ ಇಡುತ್ತಿದ್ದರು.

ನಾನು ಮದುವೆಯಾಗಿ ಸಾಗರಕ್ಕೆ ಬಂದ ಹೊಸತು. ಪಕ್ಕದ ಮನೆಯಲ್ಲಿ ನಿವೃತ್ತರಾಗಿದ್ದ ಈ ಹಿಂದಿ ಟೀಚರ್ ಒಬ್ಬರೇ ಇದ್ದರು. ದುಬೈಯಿಂದ ಬಂದಿದ್ದ ಅವರ ತಮ್ಮ, ಮಕ್ಕಳು ಆಡಿ ಬೇಸರವಾಗಿದ್ದ, ಟಿವಿಗೆ ಜೋಡಿಸುವ ಗೇಮ್ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೋಗಿದ್ದರು. ಜೊತೆಗಿದ್ದದ್ದು ಒಂದೇ ಕ್ಯಾಸೆಟ್ಟು. ಅದರಲ್ಲಿ ಹೊಲ ಉಳಬೇಕು, ಬೀಜ ಬಿತ್ತಬೇಕು, ಹಸು ಸಾಕಬೇಕು. ಗುಂಡು ಹೊಡೆಯುವ ಆಟವಾಗಿದ್ದರೆ ಅಟ್ಟ ಸೇರುತ್ತಿತ್ತೇನೋ… ಹಸು ಕಂಡದ್ದೇ ಟೀಚರ್ ಕರಗಿಹೋದರು. ಗೌರಿ ಎಂದು ಹೆಸರಿಟ್ಟರು.

ಕ್ಯಾಸೆಟ್ಟಿನೊಳಗೆ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಆಟ ನಿಲ್ಲಿಸಿದ ಜಾಗವನ್ನು ಅದು ನೆನಪಿಟ್ಟುಕೊಳ್ಳುತ್ತದೆ, ಮತ್ತೆ ಹಾಕುವವರೆಗೆ ಒಳಗೆ ಹೊತ್ತೇ ಸರಿಯುವುದಿಲ್ಲ. ಟೀಚರ್ ಇದನ್ನು ಸುತರಾಂ ಒಪ್ಪಲಿಲ್ಲ. ತೀರ್ಥಹಳ್ಳಿಯ ಅಕ್ಕನ ಮನೆಗೆ ಹೊರಟಾಗಲೆಲ್ಲ, ಕೊಟ್ಟಿಗೆಯ ಹಸುವನ್ನು ಪಕ್ಕದವರಿಗೆ ಒಪ್ಪಿಸುವ ಹಾಗೆಯೇ, ನನ್ನ ಕೈಗೆ ಮನೆಯ ಬೀಗದ ಕೈ ಕೊಡುತ್ತಿದ್ದರು.

"ಬೆಳಿಗ್ಗೆ ಮೇವು ಹಾಕೆ ಮಾರಾಯ್ತಿ. ಬೆನ್ನು ಸ್ವಲ್ಪ ಸವರು. ಇಲ್ದಿದ್ರೆ ಮುನಿಸ್ಕೊಳ್ತದೆ."

"ಟಿವಿ ಹಾಕ್ದಿದ್ರೆ ಅದಕ್ಕೆ ಹಸಿವೇ ಆಗಲ್ಲ ಟೀಚರೇ."

"ನಿಂಗೆ ಬಂದು ಹೇಳಿತಾ ಅದು? ನೀ ಮೇವು ಹಾಕು, ಸಾಕು."

ನಾನು ಟಿವಿ ಹಾಕುತ್ತಿದ್ದರಿಂದಲೇ ಗೌರಿಗೆ ಹಸಿವಾಗುತ್ತಿತ್ತು! ಆದರೂ ಹೋಗುತ್ತಿದ್ದೆ. ಹೊಸ ಊರಿನಲ್ಲಿ ನನ್ನನ್ನು ನಂಬಿ ಏನನ್ನಾದರೂ ಒಪ್ಪಿಸಿದ ಮೊದಲ ಮನುಷ್ಯರು ಅವರು. ಊರಿನಲ್ಲಿದ್ದಾಗ ಇಬ್ಬರೂ ಚಾಪೆ ಹಾಸಿಕೊಂಡು ಆಡುತ್ತಿದ್ದೆವು. ಕರೆಂಟು ಕೊಡುವ ಲಿಂಗನಮಕ್ಕಿ ಅಣೆಕಟ್ಟು ಮಗ್ಗುಲಲ್ಲೇ ಇದ್ದರೂ ನಡುವೆ ಕರೆಂಟು ಹೋಗುತ್ತಿತ್ತು. "ದೀಪದ ಬುಡದಲ್ಲೇ ಕತ್ತಲೆ ನೋಡು" ಎಂದು ಗೊಣಗುತ್ತಾ ಟೀಚರ್ ಕಾಫಿಗೆ ನೀರಿಡುತ್ತಿದ್ದರು. ಎಷ್ಟು ಚೆಂದದ ದಿನಗಳು ಅವು…

ಒಂದು ಸಲ ಅಕ್ಕನ ಆರೈಕೆಗೆಂದು ಹೊರಟವರು ಕ್ಯಾಸೆಟ್ಟಿನ ಸಮೇತ ಪೆಟ್ಟಿಗೆಯನ್ನೇ ನಮ್ಮ ಮನೆಯಲ್ಲಿಟ್ಟು ಹೋದರು. ಅಲ್ಲಿ ಅವರೇ ಕಾಯಿಲೆ ಬಿದ್ದು ತೀರಿಕೊಂಡರು. ದುಬೈಯಲ್ಲಿದ್ದ ಅವರ ತಮ್ಮನನ್ನು ಕೇಳಿದ್ದಕ್ಕೆ, ನೀವೇ ಇಟ್ಟುಕೊಳ್ಳಿ ಎಂದರು. ಹಳೆಯ ಕ್ಯಾಸೆಟ್ಟು ಎಲ್ಲಿ ಕಂಡರೂ ತಂದಿಟ್ಟುಕೊಳ್ಳುವ ನನ್ನ ಹುಚ್ಚು ಶುರುವಾದದ್ದು ಅಲ್ಲಿಂದಲೇ.

ಹೊಸನಗರದವರು ನನ್ನ ರಾಶಿಯನ್ನೆಲ್ಲ ಜಾಲಾಡಿ ಟೀಚರ ಕ್ಯಾಸೆಟ್ಟನ್ನೇ ಕೈಗೆತ್ತಿಕೊಂಡರು.

"ಅಕ್ಕಾ, ಇದೊಂದೇ ಒರಿಜಿನಲ್. ಉಳಿದದ್ದೆಲ್ಲ ಡೂಪ್ಲಿಕೇಟು. ಬ್ಯಾಟರಿ ಮುಗೀತಾ ಬಂದಿದೆ. ಹೊಸದು ಹಾಕಿದ್ರೆ ಒಳ್ಳೆ ರೇಟಿಗೆ ಹೋಗ್ತದೆ."

"ಒಳಗಿರೋ ಆಟ?"

"ಅಳಿಸಿ ಹೋಗ್ತದೆ. ಹಾಗೇ ಬಿಟ್ರೂ ಇವತ್ತಲ್ಲ ನಾಳೆ ಹೋಗೋದೇ."

ನೋಡಿಕೊಳ್ಳಿ ಎಂದು ಬಿಟ್ಟುಹೋದ ಹಸುವನ್ನು ನಮ್ಮ ಕಡೆ ಯಾರೂ ಮಾರುವುದಿಲ್ಲ. ಕೊಡಲಾರೆ ಎಂದೆ. ಅವರು ನಕ್ಕು, ಕಾಫಿ ಕುಡಿದು ಹೊರಟರು.

ಅಂದಿನಿಂದ ದಿನಾ ಬೆಳಿಗ್ಗೆ ಟಿವಿ ಹಾಕಿ ಗೌರಿಗೆ ಮೇವು ಹಾಕಿದೆ. "ಹಾಲು ಡೈರಿಗೆ ಹಾಕ್ತೀಯೇನೆ?" ಎಂದು ಮನೆಯವರು ರೇಗಿಸಿದರು. ನಿನ್ನೆ ನೋಡಿದರೆ ಕೊಟ್ಟಿಗೆಯೇ ಇರಲಿಲ್ಲ. ಹೊಸ ಆಟ ಶುರು ಮಾಡಲೇ ಎಂದು ಟಿವಿ ಕೇಳುತ್ತಿತ್ತು. ಜೋರಾಗಿ ಅಳು ಬಂತು. ಟೀಚರ್ ಹೋದಾಗಲೂ ಇಷ್ಟು ಅತ್ತಿರಲಿಲ್ಲ, ಆಗ ಗೌರಿ ಇದ್ದಳಲ್ಲ… ಮೊನ್ನೆ ಹೊಟ್ಟೆ ತುಂಬ ತಿಂದಿದ್ದಳು, ಬೆನ್ನನ್ನೂ ಸವರಿದ್ದೆ. ನಾಳೆ ಟೀಚರ್ ಎದುರಿಗೆ ಬಂದು ಕೇಳಿದರೆ ನಾನು ತಲೆ ತಗ್ಗಿಸಬೇಕಾಗಿಲ್ಲ.