ಗಿರಕಿ ಹೊಡೆಯುವ ಹುಡುಗಿ

ಲಕ್ಷ್ಮೇಶ್ವರದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದ ತಾರಾಬಾಯಿ ತನ್ನ ಆಯುಷ್ಯದಲ್ಲಿ ಬರೆದದ್ದು ಒಂದೇ ಪದ್ಯ. ಅದು ತಂಗಿ ಯಮುನಾಳ ಮೇಲೆ.

ಚಿಕ್ಕಂದಿನಲ್ಲಿ ಯಮುನಾ ನಡೆದದ್ದಕ್ಕಿಂತ ಗಿರಕಿ ಹೊಡೆದದ್ದೇ ಹೆಚ್ಚು. ಅಪ್ಪ ಪೂಜೆ ಮಾಡುವ ಗುಡಿಯ ಅಂಗಳದಲ್ಲೂ ಗಿರಕಿ, ಜೊತೆಗೆ ತಾನೇ ಕಟ್ಟಿದ ಹಾಡು. ಆ ಹಾಡಿನಲ್ಲಿ ಹಲ್ಲಿಗೆ ಮದುವೆಯಾಗುತ್ತಿತ್ತು, ಬೀಸುಕಲ್ಲಿಗೆ ಜ್ವರ ಬರುತ್ತಿತ್ತು. ಓಣಿಯವರು ಮೊದಲು ನಕ್ಕರು. ಆಮೇಲೆ ಹುಡುಗಿಗೆ ಗಾಳಿ ಬಡಿದಿದೆಯೇನೋ ಎಂದರು.

“ನಾಕು ಮಂದಿ ಹುಡುಗ್ಯಾರ ಹಂಗ ಇದ್ದರ ಏನ್ ಧಾಡಿ ನಿನಗ?” ಎಂದು ಅಜ್ಜಿ ಭಾಗೀರಥಿಬಾಯಿ ಅವಳ ಕಾಲನ್ನು ಹಳೆಯ ಸೀರೆಯಿಂದ ಕಂಬಕ್ಕೆ ಕಟ್ಟಿ ಕೂಡಿಸತೊಡಗಿದಳು. ಒಂದು ಮಳೆಗಾಲ ಹಾಗೆಯೇ ಕಳೆಯಿತು. ಬಿಚ್ಚಿದಾಗ ಯಮುನಾ ನೆಟ್ಟಗೆ ನಡೆದಳು. ಹಾಡೂ ನಿಂತಿತ್ತು. ಮನೆಯವರು ತುಪ್ಪದ ದೀಪ ಹಚ್ಚಿದರು. ತಾರಾಬಾಯಿಗೆ ಮಾತ್ರ, ಪಕ್ಕದ ಹಾಸಿಗೆಯಲ್ಲಿ ಬೇರೆ ಯಾರೋ ಬಂದು ಮಲಗಿದಂತೆ ಅನಿಸುತ್ತಿತ್ತು.

ಮುಂದೆ ಯಮುನಾಳನ್ನು ಗದಗಿಗೆ ಕೊಟ್ಟರು. ತಾರಾಬಾಯಿ ಶಾಲೆಯಲ್ಲಿ ನೌಕರಿ ಹಿಡಿದಳು. ೧೯೭೮ರಲ್ಲಿ ಶಾಲೆಗೆ ಐವತ್ತು ವರ್ಷ ತುಂಬಿದಾಗ ಸ್ಮರಣ ಸಂಚಿಕೆಗೆಂದು ಆ ಪದ್ಯ ಬರೆದುಕೊಟ್ಟಳು. ಪ್ರಾರ್ಥನೆಯ ಸಾಲಿನಲ್ಲಿ ಒಬ್ಬಳು ಗಿರಕಿ ಹೊಡೆಯುತ್ತಾಳೆ, ಉಳಿದವರು ಹಿಡಿದು ನಿಲ್ಲಿಸುತ್ತಾರೆ. ‘ಈಗ ಸಾಲು ಸರಿಯಾಗಿದೆ, ಹುಡುಗಿ ಎಲ್ಲಿ?’ ಎಂದು ಪದ್ಯ ಮುಗಿಯುತ್ತಿತ್ತು.

ಅಚ್ಚಾಗಿ ಬಂದಾಗ ನೋಡಿದರೆ, ‘ಈಗ ಸಾಲು ಸರಿಯಾಗಿದೆ, ಹುಡುಗಿ ಜಾಣೆ’ ಎಂದಿತ್ತು.

ತಿದ್ದಿದವರು ಹೆಡ್‌ಮಾಸ್ತರ ಈಶಪ್ಪ. ಕೆಟ್ಟ ಮನುಷ್ಯರಲ್ಲ.

“ಪದ್ಯ ಭಾಳ ಚಲೋ ಐತ್ರಿ ಅಕ್ಕೋರ. ಕಡೀಕ ಮಾತ್ರ ಹೆದರಿಕಿ ಬರೂಹಂಗ ಇತ್ತು. ಸಣ್ಣ ಹುಡುಗ್ರು ಓದ್ತಾರಲ್ರಿ.”

“ಆ ಸಾಲಿನ ಸಲುವಾಗೇ ನಾ ಅದನ್ನ ಬರದದ್ದು, ಸರ.”

“ಮನಸ್ಸಿಗೆ ಹಚ್ಕೋಬ್ಯಾಡ್ರಿ. ಹೆಸರು ನಿಮ್ಮದ ಹಾಕೇವಲ್ಲ.”

ಸಮಾರಂಭದಲ್ಲಿ ಹುಡುಗಿಯರು ಅದನ್ನು ಆಡಿ ತೋರಿಸಿದರು. ಗಿರಕಿಯ ಹುಡುಗಿ ಕೈಕಟ್ಟಿ ನಿಂತ ಕೂಡಲೇ ಜೋರು ಚಪ್ಪಾಳೆ. ಗದಗಿನಿಂದ ಬಂದಿದ್ದ ಯಮುನಾ ಮುಂದೆಯೇ ಕೂತಿದ್ದಳು. ತಾರಾಬಾಯಿಗೆ ಅತ್ತ ನೋಡುವ ಧೈರ್ಯವಾಗಲಿಲ್ಲ.

ಮನೆಗೆ ಬಂದ ಮೇಲೆ ಯಮುನಾಳೇ ಕೇಳಿದಳು: “ಅಕ್ಕಾ, ಅದು ನಾನ ಅಲ್ಲೇನು?”

“ಹೂಂ.”

“ಚಲೋ ಬರದೀ. ಕಡೀಕ ಆ ಹುಡುಗಿ ಸುಧಾರಿಸಿದ್ಲಲ್ಲ, ಜೀವಕ್ಕ ಸಮಾಧಾನ ಆತು.”

ತಾರಾಬಾಯಿ ಮೂಲ ಸಾಲನ್ನು ಹೇಳಲು ಬಾಯಿ ತೆರೆದಳು. ತಂಗಿಯ ಮುಖದಲ್ಲಿ ಅಪರೂಪಕ್ಕೆ ಒಂದು ಸಣ್ಣ ನಗೆ ಮೂಡಿತ್ತು. ಮಾತು ನುಂಗಿಕೊಂಡಳು. ಆಮೇಲೆ ಪೆನ್ನು ಹಿಡಿದದ್ದು ಹಾಜರಿ ಬರೆಯಲು ಮಾತ್ರ.

ಪದ್ಯ ಮಾತ್ರ ಊರೂರು ತಿರುಗಿತು. ಶಿರಹಟ್ಟಿ, ಮುಂಡರಗಿಯ ಶಾಲೆಗಳ ವಾರ್ಷಿಕ ಗ್ಯಾದರಿಂಗಿನಲ್ಲೂ ಅದೇ. ೧೯೮೫ರಲ್ಲಿ ತಾರಾಬಾಯಿ ಯಳವತ್ತಿಯ ಶಾಲೆಗೆ ವರ್ಗವಾಗಿ ಹೋದಾಗ ಅಲ್ಲಿಯ ಶಿಕ್ಷಕರು, “ನಿಮ್ಮದ ಪದ್ಯ, ನೀವ ಕಲಸ್ರಿ” ಎಂದರು.

ಎಲ್ಲ ಹುಡುಗಿಯರಿಗೂ ಗಿರಕಿಯ ಪಾತ್ರವೇ ಬೇಕಿತ್ತು. ಶಾಲೆಯ ಅಂಗಳದ ತುಂಬ ಲಂಗಗಳು ಸುತ್ತಿದವು. ಹೇಳಿದ ಕ್ಷಣಕ್ಕೆ ನಿಲ್ಲುವವಳನ್ನು ಆರಿಸಬೇಕಾಗಿದ್ದ ತಾರಾಬಾಯಿ ಚಪ್ಪಾಳೆ ತಟ್ಟಿದಳು. ಎಲ್ಲರೂ ನಿಂತರು. ನಜಮಾ ಎಂಬ ಸಣ್ಣ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ಸುತ್ತುತ್ತಲೇ ಇದ್ದಳು.

ತಾರಾಬಾಯಿ ಸ್ವಲ್ಪ ಹೊತ್ತು ನೋಡಿದಳು. ಉಳಿದ ಶಿಕ್ಷಕರೂ ನೋಡುತ್ತಿದ್ದರು. ಆಮೇಲೆ ಹೋಗಿ ಅವಳ ಭುಜ ಹಿಡಿದು ನಿಲ್ಲಿಸಿ, ಪ್ರಾರ್ಥನೆಯ ಸಾಲಿನ ಹಿಂದೆ ಕಳಿಸಿದಳು.